ಮತ್ತೆ ಕಟ್ಟಿದ ಸ್ತನ ಹೇಗೆ ಕಾಣುತ್ತದೆ?

ಕ್ಯಾನ್ಸರ್ ಬಂದು ಒಂದು ಸ್ತನವನ್ನು ಪೂರ್ತಿ ತೆಗೆಸಬೇಕಾಗಿ ಬಂದಾಗ ಎಷ್ಟೋ ಹೆಂಗಸರು ಕೇಳಬೇಕೆಂದುಕೊಂಡು ಕೇಳದೆ ನುಂಗಿಕೊಳ್ಳುವ ಪ್ರಶ್ನೆಯೊಂದಿದೆ: ಆಮೇಲೆ ನಾನು ಹೇಗೆ ಕಾಣುತ್ತೇನೆ? ಜೀವ ಉಳಿದರೆ ಸಾಲದೆ, ಈ ವಯಸ್ಸಿನಲ್ಲಿ ಅಂದಚೆಂದ ಯಾಕೆ ಎಂದು ಮನೆಯವರು ಅಂದಾರೆಂಬ ಅಳುಕು ಒಂದು ಕಡೆ, ಡಾಕ್ಟರು ಏನೆಂದುಕೊಳ್ಳುತ್ತಾರೋ ಎಂಬ ಸಂಕೋಚ ಇನ್ನೊಂದು ಕಡೆ. ಈ ಅಧ್ಯಾಯ ಆ ಪ್ರಶ್ನೆಗೇ ಮೀಸಲು. ಅದು ಕೇಳಲೇಬೇಕಾದ ಪ್ರಶ್ನೆ. ಅದೂ ಮೊದಲ ಆಪರೇಷನ್ನಿಗೆ ಮುಂಚೆಯೇ.

ಹೆಂಗಸರ ಈ ಸಂಕೋಚಕ್ಕೆ ವೈದ್ಯರ ಲೋಕದಲ್ಲೂ ಒಂದು ಬೇರಿದೆ. 1895ರಲ್ಲಿ ಜರ್ಮನಿಯ ಹೈಡೆಲ್‌ಬರ್ಗಿನ ವಿನ್ಸೆಂಟ್ಸ್ ಚೆರ್ನಿ ಎಂಬ ಶಸ್ತ್ರವೈದ್ಯ, ವೇದಿಕೆಯ ಕಲಾವಿದೆಯೊಬ್ಬಳ ಸ್ತನದ ರೋಗಗ್ರಸ್ತ ಭಾಗ ತೆಗೆದು, ಅವಳದೇ ಬೆನ್ನಿನಲ್ಲಿದ್ದ ಕೊಬ್ಬಿನ ಗೆಡ್ಡೆಯೊಂದನ್ನು ಆ ಜಾಗಕ್ಕೆ ತುಂಬಿ ಎರಡೂ ಬದಿ ಸಮವಾಗಿ ಕಾಣುವಂತೆ ಮಾಡಿದ. ಆದರೆ ಅದೇ ಕಾಲದಲ್ಲಿ ಅಮೆರಿಕದ ವಿಲಿಯಂ ಹಾಲ್‌ಸ್ಟೆಡ್ ಅವರ ಮಾತೇ ವೇದವಾಗಿತ್ತು. ಸ್ತನದ ಜೊತೆಗೆ ಎದೆಯ ಸ್ನಾಯುಗಳನ್ನೂ ಕಂಕುಳಿನ ಗಂಟುಗಳನ್ನೂ ತೆಗೆಯುವ ಅವರ ಆಪರೇಷನ್ನಿನಿಂದ ಪಕ್ಕೆಲುಬು ಎದ್ದು ಕಾಣುವಷ್ಟು ಎದೆ ಗುಳಿಬೀಳುತ್ತಿತ್ತು. ಆ ಜಾಗವನ್ನು ಚೆಂದ ಮಾಡಲು ಹೋದರೆ ಮರುಕಳಿಸಿದ ಕ್ಯಾನ್ಸರ್ ಕಣ್ಣಿಗೆ ಬೀಳದೆ ಹೋಗುತ್ತದೆ ಎಂಬ ಭಯ ಹಲವು ದಶಕ ಉಳಿಯಿತು. ಆ ಭಯಕ್ಕೆ ಆಧಾರವಿಲ್ಲವೆಂದು ಈಗ ಗೊತ್ತಾಗಿದೆ. ಸ್ತನವನ್ನು ಮತ್ತೆ ಕಟ್ಟಿದ್ದರಿಂದ ಕ್ಯಾನ್ಸರ್ ಮರಳುವ ಸಂಭವವೂ ಹೆಚ್ಚುವುದಿಲ್ಲ.

ಇನ್ನು ಚೆಂದದ ಮಾತು. ಸ್ತನ ಸ್ತನದಂತೆ ಕಾಣುವುದು ಗಾತ್ರವೊಂದರಿಂದಲ್ಲ. ಕೊರಳೆಲುಬಿನಿಂದ ಮೆಲ್ಲಗೆ ಇಳಿದು ಬರುವ ಇಳಿಜಾರು, ಕೆಳಗೆ ಎದೆಗೆ ಸೇರುವಲ್ಲಿನ ಮಡಿಕೆ, ವಯಸ್ಸಿಗೆ ತಕ್ಕಷ್ಟು ಜೋಲು, ಮುಟ್ಟಿದರೆ ಸಿಗುವ ಮೆತ್ತನೆತನ, ಇವೆಲ್ಲ ಸೇರಬೇಕು. ಇವುಗಳಲ್ಲಿ ಕೆಳಗಿನ ಮಡಿಕೆ ಬಹಳ ಮುಖ್ಯ. ಅದು ಒಂದು ಬೆರಳಿನಷ್ಟು ಮೇಲೋ ಕೆಳಗೋ ಆದರೂ ಉಳಿದದ್ದೆಲ್ಲ ಸರಿಯಿದ್ದೂ ನೋಟ ಕೆಡುತ್ತದೆ. ಆದ್ದರಿಂದ ಕ್ಯಾನ್ಸರಿನ ಸ್ಥಿತಿ ಅನುಮತಿಸಿದರೆ ಒಳಗಿನ ಅಂಗಾಂಶವನ್ನಷ್ಟೇ ತೆಗೆದು ಮೇಲಿನ ಚರ್ಮವನ್ನೂ ಮಡಿಕೆಯನ್ನೂ ಉಳಿಸಿಕೊಂಡು, ಅದೇ ಆಪರೇಷನ್ನಿನಲ್ಲಿ ಒಳಭಾಗವನ್ನು ತುಂಬುತ್ತಾರೆ. ನೋಟದ ದೃಷ್ಟಿಯಿಂದ ಸಾಮಾನ್ಯವಾಗಿ ಇದೇ ಮೇಲು. ಮೊಲೆತೊಟ್ಟನ್ನೂ ಉಳಿಸಲು ಸಾಧ್ಯವಾದವರಿಗೆ ಇನ್ನೂ ಒಳ್ಳೆಯದು. ಗಡ್ಡೆ ತೊಟ್ಟಿಗೆ ಹತ್ತಿರವಿದ್ದರೆ, ಚರ್ಮಕ್ಕೆ ಹಬ್ಬಿದ್ದರೆ ಇದು ಆಗದ ಮಾತು.

ತುಂಬುವುದಕ್ಕೆ ಮುಖ್ಯವಾಗಿ ಎರಡು ದಾರಿ. ಒಂದು ಸಿಲಿಕೋನ್ ಇಂಪ್ಲಾಂಟ್. 1962ರಲ್ಲಿ ಅಮೆರಿಕದ ಹ್ಯೂಸ್ಟನ್ನಿನಲ್ಲಿ ಥಾಮಸ್ ಕ್ರೋನಿನ್ ಮತ್ತು ಫ್ರ್ಯಾಂಕ್ ಜೆರೋ ಮೊದಲ ಬಾರಿಗೆ ಬಳಸಿದ್ದು ಇದನ್ನು. ಚರ್ಮ ಸಾಲದಿದ್ದಾಗ ಮೊದಲು ಖಾಲಿ ಚೀಲವೊಂದನ್ನು ಒಳಗಿಟ್ಟು, ವಾರವಾರವೂ ಸೂಜಿಯಿಂದ ಉಪ್ಪುನೀರು ತುಂಬಿ ಚರ್ಮವನ್ನು ಹಿಗ್ಗಿಸಿ, ಆಮೇಲೆ ಇಂಪ್ಲಾಂಟ್ ಇಡುವುದುಂಟು. ಆಪರೇಷನ್ ಚಿಕ್ಕದು, ದೇಹದ ಬೇರೆಡೆ ಗಾಯವಿಲ್ಲ, ಎರಡೂ ಸ್ತನ ತೆಗೆದವರಿಗೆ ಸಮತೆಯೂ ಚೆನ್ನಾಗಿ ಸಿಗುತ್ತದೆ. ತೊಡಕಿರುವುದು ಒಂದೇ ಬದಿ ತೆಗೆದವರಿಗೆ. ಇಂಪ್ಲಾಂಟ್ ಗುಂಡಗೆ, ಎತ್ತರಕ್ಕೆ ಕೂತಿರುತ್ತದೆ. ಇನ್ನೊಂದು ಕಡೆಯ ಸಹಜ ಸ್ತನ ವರ್ಷ ಕಳೆದಂತೆ ಇಳಿಯುತ್ತದೆ, ತೂಕ ಏರಿದರೆ ತುಂಬಿಕೊಳ್ಳುತ್ತದೆ, ಇಂಪ್ಲಾಂಟ್ ಮಾತ್ರ ಇದ್ದಂತೆಯೇ ಇರುತ್ತದೆ. ಮೊದಲ ವರ್ಷ ಸರಿಸಮವಾಗಿದ್ದದ್ದು ಎಂಟನೆಯ ವರ್ಷಕ್ಕೆ ಹಾಗಿರಲೇಬೇಕೆಂದಿಲ್ಲ.

ಇಂಪ್ಲಾಂಟಿನ ಸುತ್ತ ದೇಹ ತನ್ನದೇ ತೆಳುಪೊರೆ ಕಟ್ಟಿಕೊಳ್ಳುತ್ತದೆ. ಕೆಲವರಲ್ಲಿ ಆ ಪೊರೆ ದಪ್ಪವಾಗಿ ಬಿಗಿದುಕೊಂಡು ಒಳಗಿನದನ್ನು ಹಿಂಡುತ್ತದೆ. ಇದನ್ನು ಅಳೆಯಲು ಬೇಕರ್ ಎಂಬುವರ ನಾಲ್ಕು ದರ್ಜೆಗಳಿವೆ: ಮೊದಲನೆಯದರಲ್ಲಿ ಸ್ತನ ಮೆತ್ತಗೆ, ಸಹಜ, ನಾಲ್ಕನೆಯದರಲ್ಲಿ ಗಟ್ಟಿ, ಸೊಟ್ಟ, ನೋವು. ರೇಡಿಯೇಷನ್ ಆದವರಲ್ಲಿ ಹೀಗಾಗುವ ಸಂಭವ ಸ್ಪಷ್ಟವಾಗಿ ಹೆಚ್ಚು. ನಮ್ಮಲ್ಲಿ ಕಾಯಿಲೆ ಮುಂದುವರಿದ ಮೇಲೆ ಆಸ್ಪತ್ರೆಗೆ ಬರುವವರು ಬಹಳ, ಅಂಥವರಿಗೆ ರೇಡಿಯೇಷನ್ ತಪ್ಪುವುದು ಅಪರೂಪ. ಹಾಗಾಗಿ ಇದನ್ನು ಮುಂಚೆಯೇ ತಿಳಿದಿರಬೇಕು. ಸಹಜ ನೋಟಕ್ಕೆಂದು ಹನಿಯಾಕಾರದ ಇಂಪ್ಲಾಂಟ್‌ಗಳು ಬಂದವು. ಒಳಗೆ ತಿರುಗದಿರಲೆಂದು ಅವುಗಳ ಮೈಯನ್ನು ಒರಟು ಮಾಡಿದರು. ಒರಟು ಮೈಯವು ಲಿಂಫೋಮಾ ಎಂಬ ಕ್ಯಾನ್ಸರಿನ ಅಪರೂಪದ ಬಗೆಯೊಂದಕ್ಕೆ ಕಾರಣವಾಗಬಲ್ಲವೆಂದು ಗೊತ್ತಾದ ಮೇಲೆ 2019ರಲ್ಲಿ ಅಲರ್ಗನ್ ಕಂಪನಿ ತನ್ನ ಅಂಥ ಇಂಪ್ಲಾಂಟ್‌ಗಳನ್ನು ಜಗತ್ತಿನಾದ್ಯಂತ ಹಿಂತೆಗೆದುಕೊಂಡಿತು.

ಎರಡನೆಯ ದಾರಿ ಅವರವರ ದೇಹದ ಅಂಗಾಂಶದಿಂದಲೇ ಕಟ್ಟುವುದು. ಬೆನ್ನಿನ ಅಗಲ ಸ್ನಾಯುವನ್ನು ಮುಂದಕ್ಕೆ ತಿರುಗಿಸಿ ತರುವ ವಿಧಾನವನ್ನು ಇಟಲಿಯ ತಾನ್ಸಿನಿ 20ನೇ ಶತಮಾನದ ಆರಂಭದಲ್ಲೇ ತೋರಿಸಿದ್ದರು. 1982ರಲ್ಲಿ ಅಟ್ಲಾಂಟಾದ ಕಾರ್ಲ್ ಹಾರ್ಟ್ರಾಂಫ್ ಕಿಬ್ಬೊಟ್ಟೆಯ ಚರ್ಮ, ಕೊಬ್ಬುಗಳನ್ನು ಸ್ನಾಯುವಿನ ಸಮೇತ ಎದೆಗೆ ತಂದರು. ಹೊಟ್ಟೆಯ ಸ್ನಾಯು ತೆಗೆದರೆ ಅಲ್ಲಿ ಬಲ ಕುಂದಿ ಉಬ್ಬು ಬರುವುದುಂಟು. 90ರ ದಶಕದಿಂದ ಸ್ನಾಯುವನ್ನು ಬಿಟ್ಟು, ಅದರ ನಡುವೆ ಹಾದುಬರುವ ಸಣ್ಣ ರಕ್ತನಾಳಗಳನ್ನು ಮಾತ್ರ ಬಿಡಿಸಿಕೊಂಡು, ಎದೆಯ ನಾಳಗಳಿಗೆ ಮೈಕ್ರೋಸ್ಕೋಪಿನ ಕೆಳಗೆ ಹೊಲಿಯುವ ಪದ್ಧತಿ ಬೆಳೆಯಿತು. ಹಲವು ಗಂಟೆಗಳ ಕೆಲಸ ಅದು, ಪಳಗಿದ ಕೈ ಬೇಕು. ನಾಳ ಕಟ್ಟಿಕೊಂಡರೆ ತಂದದ್ದೆಲ್ಲ ಸತ್ತುಹೋಗುವ ಅಪಾಯವೂ ಸಣ್ಣ ಪ್ರಮಾಣದಲ್ಲಿ ಇದೆ. ತಂಬಾಕು ಸೇದುವವರಲ್ಲಿ ಗಾಯ ಕೊಳೆಯುವುದು ಹೆಚ್ಚು. ತೀರ ತೆಳ್ಳಗಿರುವವರಿಗೆ ಹೊಟ್ಟೆಯಲ್ಲಿ ಕೊಬ್ಬೇ ಸಾಲದು. ಸೊಂಟದ ಒಂದು ಬದಿಯಿಂದ ಇನ್ನೊಂದು ಬದಿಯವರೆಗೆ ಉದ್ದನೆಯ ಗಾಯದ ಗೆರೆಯೂ ಉಳಿಯುತ್ತದೆ. ಇಷ್ಟಾದರೂ ಕೂಡಿಬಂದಾಗ ಇದರಷ್ಟು ಸಹಜವಾದದ್ದು ಇನ್ನೊಂದಿಲ್ಲ. ಮೆತ್ತಗಿರುತ್ತದೆ, ಬೆಚ್ಚಗಿರುತ್ತದೆ, ತೂಕ ಏರಿದರೆ ಏರುತ್ತದೆ, ವಯಸ್ಸಾದಂತೆ ಜೋಲುತ್ತದೆ.

ತೊಟ್ಟನ್ನು ಕಟ್ಟುವುದು ಸಾಮಾನ್ಯವಾಗಿ ಕೊನೆಯ ಹಂತ. ಅಲ್ಲಿನ ಚರ್ಮವನ್ನೇ ಮಡಚಿ ನಿಲ್ಲಿಸಿದ ತೊಟ್ಟು ತಿಂಗಳುಗಳಲ್ಲಿ ಬಹಳಷ್ಟು ಕುಗ್ಗುತ್ತದೆ, ಅದಕ್ಕೇ ಮೊದಲು ಸ್ವಲ್ಪ ದೊಡ್ಡದಾಗಿಯೇ ಮಾಡುತ್ತಾರೆ. ಸುತ್ತಲಿನ ಕಪ್ಪು ವರ್ತುಲಕ್ಕೆ ಹಚ್ಚೆ ಹಾಕುತ್ತಾರೆ. ನುರಿತವರು ಹಚ್ಚೆಯಲ್ಲೇ ನೆರಳು ಬೆಳಕು ಮೂಡಿಸಿ ತೊಟ್ಟು ಎದ್ದಂತೆ ತೋರಿಸಬಲ್ಲರು. ಬಣ್ಣ ಕಾಲಕ್ರಮದಲ್ಲಿ ಮಾಸುತ್ತದೆ, ಮತ್ತೆ ಹಾಕಿಸಬಹುದು. ನಮ್ಮಂಥ ಕಂದು ಮೈಬಣ್ಣದವರಲ್ಲಿ ಗಾಯದ ಗುರುತು ಕಪ್ಪಾಗುವುದು, ಉಬ್ಬುವುದು ಹೆಚ್ಚು. ಬಿಳಿಯ ಹೆಂಗಸರ ಚಿತ್ರಗಳನ್ನೇ ನೋಡಿ ನಿರೀಕ್ಷೆ ಕಟ್ಟಿಕೊಂಡವರಿಗೆ ಇದು ಆಘಾತವಾಗಬಹುದು.

ಮತ್ತೆ ಕಟ್ಟಿದ ಸ್ತನದಲ್ಲಿ ಮುಟ್ಟಿದ ಅರಿವು ಬಹುಮಟ್ಟಿಗೆ ಇರುವುದಿಲ್ಲ, ಅಥವಾ ಅಲ್ಪಸ್ವಲ್ಪ ಮರಳುತ್ತದೆ. ಇದನ್ನು ಹೇಳದೆ ಬಿಡುವುದು ನನ್ನ ದೃಷ್ಟಿಯಲ್ಲಿ ಅನ್ಯಾಯ. ಬಿಸಿನೀರಿನ ಚೀಲ ಇಟ್ಟುಕೊಂಡು ಸುಟ್ಟದ್ದೇ ಗೊತ್ತಾಗದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ.

ಹಾಗಾದರೆ ಚೆನ್ನಾಗಿ ಬಂದಿದೆ ಎಂದು ಹೇಳುವವರು ಯಾರು? ಬಹುಕಾಲ ಅದು ವೈದ್ಯರ ಕೆಲಸವಾಗಿತ್ತು. ಫೋಟೋ ತೆಗೆದು, ಕೆಲವರು ಕೂತು ನೋಡಿ, ಅತ್ಯುತ್ತಮ, ಉತ್ತಮ, ಸಾಧಾರಣ, ಕಳಪೆ ಎಂದು ಅಂಕ ಹಾಕುತ್ತಿದ್ದರು. ಫೋಟೋದಲ್ಲಿ ಸಮತೆ ಕಾಣುತ್ತದೆ, ಆದರೆ ರವಿಕೆ ತೊಟ್ಟಾಗ ಒಂದು ಬದಿ ಎಳೆಯುವುದು, ಮಗ್ಗುಲಾಗಿ ಮಲಗಿದರೆ ಅದು ತನ್ನದಲ್ಲವೆನಿಸುವುದು ಕಾಣುವುದಿಲ್ಲ. ವೈದ್ಯರು ಸಾಧಾರಣವೆಂದದ್ದನ್ನು ಹೆಂಗಸು ಮೆಚ್ಚಿದ್ದಿದೆ, ಅವರು ಅತ್ಯುತ್ತಮ ಎಂದಾಗ ಅವಳು ಕನ್ನಡಿಯಿಂದ ಮುಖ ತಿರುಗಿಸಿದ್ದೂ ಇದೆ. 2009ರಲ್ಲಿ ಆಂಡ್ರಿಯಾ ಪ್ಯೂಸಿಕ್ ಮತ್ತು ಸಂಗಡಿಗರು ಬ್ರೆಸ್ಟ್-ಕ್ಯೂ ಎಂಬ ಪ್ರಶ್ನಾವಳಿಯನ್ನು ಹೊರತಂದರು. ಉತ್ತರಿಸುವವಳು ಆಪರೇಷನ್ ಆದ ಹೆಂಗಸೇ. ಬಟ್ಟೆ ತೊಟ್ಟಾಗ, ಬಟ್ಟೆಯಿಲ್ಲದಾಗ, ಗಂಡನೊಡನೆ, ಜನರ ನಡುವೆ ಹೇಗನಿಸುತ್ತದೆ ಎಂಬುದಕ್ಕೆಲ್ಲ 0ಯಿಂದ 100ರ ಅಂಕ. ಇದೇ ಪ್ರಶ್ನಾವಳಿ ಹಿಡಿದು ಅಮೆರಿಕ, ಕೆನಡಾಗಳ 11 ಕೇಂದ್ರಗಳಲ್ಲಿ ನಡೆದ ಅಧ್ಯಯನದಲ್ಲಿ, ಎರಡು ವರ್ಷದ ನಂತರ ತಮ್ಮದೇ ಅಂಗಾಂಶದಿಂದ ಕಟ್ಟಿಸಿಕೊಂಡವರ ತೃಪ್ತಿ ಇಂಪ್ಲಾಂಟಿನವರಿಗಿಂತ ಹೆಚ್ಚಿತ್ತು, ಅವರಿಗೆ ತೊಡಕುಗಳೂ ಹೆಚ್ಚಾಗಿದ್ದವು. ಎರಡನ್ನೂ ಒಟ್ಟಿಗೇ ಓದಿಕೊಳ್ಳಬೇಕು.

ಬೇಡ ಎನ್ನುವುದೂ ಅವಳದೇ ತೀರ್ಮಾನ. ಕಟ್ಟಿಸಿಕೊಳ್ಳದೆ ಇದ್ದರೂ ಎದೆ ಅಚ್ಚುಕಟ್ಟಾಗಿರಬೇಕು. ಕಂಕುಳ ಪಕ್ಕದಲ್ಲಿ ಜೋತುಬೀಳುವ ಚರ್ಮವನ್ನು ಕಳೆದು ಸಪಾಟಾಗಿ ಹೊಲಿಯುವುದು ಕೂಡ ಒಂದು ಕೌಶಲವೇ. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ 2020ರಲ್ಲಿ ಅದಕ್ಕೆ ತನ್ನ ನಿಘಂಟಿನಲ್ಲಿ ಜಾಗ ಕೊಟ್ಟಿತು. ಒಳ್ಳೆಯ ಪ್ಯಾಡ್ ಒಳಗಿಟ್ಟು ರವಿಕೆ, ಸೆರಗು ಹೊದ್ದರೆ ಹೊರಗೆ ಯಾರಿಗೂ ಗೊತ್ತಾಗದು ಎಂದು ನೆಮ್ಮದಿಯಿಂದಿರುವವರು ಬಹಳ ಜನ.

ಕಟ್ಟಿಸಿಕೊಳ್ಳಬೇಕೆನ್ನುವವರು ಕ್ಯಾನ್ಸರ್ ಸರ್ಜನ್ನರ ಜೊತೆಗೆ ಪ್ಲಾಸ್ಟಿಕ್ ಸರ್ಜನ್ನರನ್ನೂ ಮೊದಲ ಆಪರೇಷನ್ನಿಗೆ ಮುಂಚೆ ಕಾಣಬೇಕು. ನಮ್ಮಂಥ ಮೈಬಣ್ಣದವರ, ಐದಾರು ವರ್ಷ ಕಳೆದವರ ಫೋಟೋಗಳನ್ನು ಕೇಳಿ ನೋಡಬೇಕು. ಸಮತೆಗಾಗಿ ಇನ್ನೊಂದು ಕಡೆಯ ಸ್ತನಕ್ಕೂ ಕತ್ತರಿ ಹಾಕಬೇಕಾದೀತೇ, ಒಟ್ಟು ಎಷ್ಟು ಆಪರೇಷನ್ ಎಂದೂ ಕೇಳಬೇಕು. ಸೌಂದರ್ಯದ ಆಪರೇಷನ್ ಎಂದು ವಿಮೆಯವರು ತಳ್ಳಿಹಾಕಿದರೆ ಸುಮ್ಮನಾಗಬೇಕಿಲ್ಲ. 2019ರಲ್ಲಿ ಭಾರತದ ವಿಮಾ ನಿಯಂತ್ರಣ ಪ್ರಾಧಿಕಾರ ಸೌಂದರ್ಯ ಚಿಕಿತ್ಸೆಗಳನ್ನು ವಿಮೆಯಿಂದ ಹೊರಗಿಡುವ ಷರತ್ತನ್ನು ಬರೆದಾಗ, ಕ್ಯಾನ್ಸರಿನ ನಂತರದ ಮರುನಿರ್ಮಾಣವನ್ನು ಆ ಷರತ್ತಿನಿಂದ ಹೊರಗಿಟ್ಟಿತು. ಸ್ತನ ತೆಗೆದು ಎಷ್ಟೋ ವರ್ಷವಾದವರೂ ಈಗ ಕಟ್ಟಿಸಿಕೊಳ್ಳಬಹುದು. ಚರ್ಮ ಆಗಲೇ ಹೋಗಿರುವುದರಿಂದ ಹೊಟ್ಟೆಯಿಂದಲೋ ಬೆನ್ನಿನಿಂದಲೋ ಹೆಚ್ಚು ತರಬೇಕಾಗುತ್ತದೆ, ತೇಪೆಯ ಗೆರೆಗಳೂ ಹೆಚ್ಚು ಕಾಣುತ್ತವೆ, ಅಷ್ಟೇ ವ್ಯತ್ಯಾಸ.