ನಾಯಿಯ ಕಣ್ಣಿಗೆ ಬಯಲೇ ಬೇಕು

ಮೊಬೈಲ್ ತೆರೆದರೆ ಸಾಕು, ವಾರಕ್ಕೊಮ್ಮೆ ನಾಯಿಯೊಂದಿಗೆ ಊರಾಚೆ ಹೋಗುವ ಎಳೆಯ ಜೋಡಿಗಳ ಚಿತ್ರಗಳು ಸಾಲುಗಟ್ಟಿ ಬರುತ್ತವೆ. ಮಂಜು, ಜಲಪಾತ, ಹಸಿರು ಗುಡ್ಡ, ಗುಡ್ಡದ ನೆತ್ತಿಯಲ್ಲಿ ನಾಲಿಗೆ ಚಾಚಿ ಕೂತ ಲ್ಯಾಬ್ರಡಾರ್. ಇವನ್ನು ನೋಡಿದ ವಿಜಯಪುರದ ಗಂಡ ಹೆಂಡತಿಗೆ ತಮ್ಮೂರು ಇದಕ್ಕೆ ಹೇಳಿ ಮಾಡಿಸಿದ್ದಲ್ಲ ಅನ್ನಿಸಿದರೆ ಆಶ್ಚರ್ಯವಿಲ್ಲ. ಹತ್ತಲು ಬೆಟ್ಟವಿಲ್ಲ, ರಾಜ್ಯದಲ್ಲೇ ಅತಿ ಕಡಿಮೆ ಕಾಡಿರುವ ಜಿಲ್ಲೆಗಳಲ್ಲಿ ಇದೂ ಒಂದು. ಗೋಳಗುಮ್ಮಟ ಅಷ್ಟು ದೂರದಿಂದ ಕಾಣುವುದು ಅದರ ಗಾತ್ರದಿಂದಷ್ಟೇ ಅಲ್ಲ, ನಡುವೆ ಮರೆ ಮಾಡುವಂಥದ್ದು ಏನೂ ಇಲ್ಲದ್ದರಿಂದ. ಆದರೆ ನಾವು ಕೊರತೆ ಎಂದುಕೊಂಡಿರುವ ಈ ಬೋಳು ಬಯಲು ನಾಯಿಯ ಕಡೆಯಿಂದ ನೋಡಿದರೆ ದೊಡ್ಡ ಸಿರಿ. ಒಂದೇ ಷರತ್ತು: ಹೊತ್ತು ಮತ್ತು ಕಾಲ ಎರಡನ್ನೂ ಬಯಲೇ ನಿಶ್ಚಯಿಸಬೇಕು, ಭಾನುವಾರದ ನಮ್ಮ ಬಿಡುವಲ್ಲ.

ಈ ಮಾತಿಗೆ ಆಧಾರ ಇಲ್ಲಿಯದೇ ತಳಿಯ ಮೈಕಟ್ಟಿನಲ್ಲಿದೆ. ಬಬಲೇಶ್ವರ ದಾಟಿ, ಕೃಷ್ಣೆಯ ಆಚೆ ಜಮಖಂಡಿಯ ಮುಂದಿರುವ ಮುಧೋಳ 1997ರವರೆಗೆ ಇದೇ ಜಿಲ್ಲೆಯಲ್ಲಿತ್ತು. ಅಲ್ಲಿನ ಸಂಸ್ಥಾನದ ಅರಸ ಮಾಲೋಜಿರಾವ್ ಘೋರ್ಪಡೆ ಪೋಷಿಸಿ, ಇಂಗ್ಲೆಂಡಿನ ದೊರೆ ಐದನೇ ಜಾರ್ಜ್‌ಗೆ ಜೋಡಿ ಮರಿಗಳನ್ನು ಕಾಣಿಕೆ ಕೊಟ್ಟ ಮುಧೋಳ ಬೇಟೆ ನಾಯಿಗೆ 2005ರಲ್ಲಿ ಅಂಚೆ ಚೀಟಿ ಬಂತು. ಪಕ್ಕದ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವೂ ಇದೆ. ಇದು ಮೂಸಿ ಹುಡುಕುವ ನಾಯಿಯಲ್ಲ, ನೋಡಿ ಅಟ್ಟುವ ನಾಯಿ. ಮನುಷ್ಯನ ನೋಟದ ಹರವು ಸುಮಾರು 180 ಡಿಗ್ರಿ, ನಾಯಿಗಳದು ಸುಮಾರು 240. ಉದ್ದ ಮೂತಿಯ ತಳಿಗಳದು ಅದಕ್ಕೂ ಹೆಚ್ಚು. ಅಷ್ಟೇ ಅಲ್ಲ, ಉದ್ದ ಮೂತಿಯ ನಾಯಿಗಳ ಅಕ್ಷಿಪಟದಲ್ಲಿ ನರಕೋಶಗಳು ಒಂದು ಅಡ್ಡಪಟ್ಟಿಯಲ್ಲಿ ದಟ್ಟವಾಗಿರುತ್ತವೆ, ಮೊಂಡು ಮೂತಿಯವುಗಳಲ್ಲಿ ನಟ್ಟನಡುವೆ ಗುಂಪುಗೂಡಿರುತ್ತವೆ. ದಿಗಂತದ ಗೆರೆಯುದ್ದಕ್ಕೂ ಅಲುಗುವುದನ್ನು ಹಿಡಿಯಲೆಂದೇ ಮಾಡಿಟ್ಟಂಥ ಕಣ್ಣು ಇದು. ಇಂಥ ನಾಯಿಯನ್ನು ದಟ್ಟ ಕಾಡಿನ ಕಾಲುದಾರಿಗೆ ಒಯ್ದರೆ ಅದರ ಕಣ್ಣಿಗೆ ಕೆಲಸವೇ ಇಲ್ಲ. ಡೋಣಿ ಬದಿಯ ಎರೆಹೊಲದಲ್ಲಿ ಹಗ್ಗ ಹಿಡಿದು ಅರ್ಧ ತಾಸು ಸುಮ್ಮನೆ ನಿಲ್ಲಿಸಿದರೂ ಸಾಕು, ಕಿವಿ ನಿಮಿರಿಸಿ ನಾಲ್ಕೂ ದಿಕ್ಕು ಅಳೆಯುತ್ತದೆ.

ಓಡಲೆಂದೇ ಹುಟ್ಟಿದ್ದನ್ನು ಹಗ್ಗ ಕಟ್ಟಿ ನಿಲ್ಲಿಸುವುದು ಯಾವ ನ್ಯಾಯ ಎಂದು ಕೇಳುವವರಿದ್ದಾರೆ. ಪ್ರಶ್ನೆಯಲ್ಲಿ ತೂಕವಿದೆ. ಆದರೆ ಬಯಲಿನಲ್ಲಿ ಬಿಟ್ಟ ಬೇಟೆ ನಾಯಿ ಸುಮ್ಮನೆ ಓಡುವುದಿಲ್ಲ, ಏನನ್ನೋ ಅಟ್ಟಿಕೊಂಡು ಓಡುತ್ತದೆ; ಕಣ್ಣಿಗೆ ಬಿದ್ದದ್ದು ಮೊಲವೋ ಚಿಗರಿಯೋ ಆಗಿದ್ದರೆ ಯಜಮಾನನ ಕೂಗು ಅದರ ಕಿವಿಗೆ ಹೋಗದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕೊಲ್ಲುವುದಷ್ಟೇ ಬೇಟೆಯಲ್ಲ, ನಾಯಿ ಬಿಟ್ಟು ಅಟ್ಟಿಸುವುದೂ ಬೇಟೆಯೇ. ಚಿಗರಿಗೆ, ಎಂದರೆ ಕೃಷ್ಣಮೃಗಕ್ಕೆ, ಆ ಕಾಯ್ದೆಯಲ್ಲಿ ಅತಿ ಕಟ್ಟುನಿಟ್ಟಿನ ರಕ್ಷಣೆಯಿದೆ, ಮೊಲಕ್ಕೂ ರಕ್ಷಣೆಯಿದೆ. ಅರಸರ ಕಾಲದ ಹೆಮ್ಮೆ ಈಗ ಅಪರಾಧ. ಹಾಗಾಗಿ ಉದ್ದನೆಯ ಹಗ್ಗ, ಇಲ್ಲವೇ ನಾಲ್ಕೂ ಕಡೆ ಬೇಲಿಯಿರುವ, ಪೈರು ತೆಗೆದ ಸ್ವಂತ ಅಥವಾ ಪರಿಚಯದವರ ಹೊಲ. ಸಿಡಿಲಿನಂತೆ ಒಂದೆರಡು ಸಲ ಹರಿದಾಡಿತೆಂದರೆ ನಾಯಿಯ ದಾಹ ತೀರುತ್ತದೆ. ಹತ್ತಾರು ಕಿಲೋಮೀಟರ್ ಎಳೆದೊಯ್ಯುವುದು ನಮ್ಮ ಹುಮ್ಮಸ್ಸು, ನಾಯಿಯ ಬೇಡಿಕೆಯಲ್ಲ.

ಇನ್ನು ಬಿಸಿಲು. ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ಪಾದದ ಮೆತ್ತೆಯಲ್ಲಿ ಚೂರು ಬೆವರು, ಉಳಿದದ್ದೆಲ್ಲ ನಾಲಿಗೆ ಚಾಚಿ ತೇಕುವುದರಿಂದಲೇ ಆಗಬೇಕು. ಅದರ ಸಹಜ ಮೈಶಾಖ 38ರಿಂದ 39 ಡಿಗ್ರಿ ಸೆಲ್ಸಿಯಸ್, 41 ದಾಟಿದರೆ ಜೀವಕ್ಕೆ ಸಂಚಕಾರ. ಹೊರಗಿನ ಗಾಳಿಯೇ 40 ಮುಟ್ಟುವ ಏಪ್ರಿಲ್, ಮೇ ತಿಂಗಳಲ್ಲಿ ಓಡಿಸಿದರೆ ಒಳಗಿನ ಕಾವು ಹೊರಹೋಗುವುದು ತೀರಾ ಕಷ್ಟ. ಡಾಂಬರು ಗಾಳಿಗಿಂತ ಎಷ್ಟೋ ಪಾಲು ಕಾದಿರುತ್ತದೆ. ಅಂಗೈಯ ಹಿಂಭಾಗ ರಸ್ತೆಗಿಟ್ಟು ಏಳು ಎಣಿಸಲಾಗದಿದ್ದರೆ ನಾಯಿಯ ಪಾದಕ್ಕೂ ಆ ರಸ್ತೆ ಆಗದು. ‘ಕುರಿ ಹಿಂಡಿನ ಹಿಂದೆ ದಿನವಿಡೀ ತಿರುಗುವ ನಾಯಿಗೆ ಏನಾಗೇತ್ರಿ?’ ಎಂದು ಯಾರಾದರೂ ಕೇಳಬಹುದು. ಕುರಿಗಾರರ ನಾಯಿ ದಿನವೂ ತಿರುಗಿ ಹದಗೊಂಡದ್ದು. ಅದು ಕುರಿಯ ನಡಿಗೆಗೆ ನಡೆಯುತ್ತದೆ, ಮಧ್ಯಾಹ್ನ ಹಿಂಡು ಜಾಲಿ ನೆರಳಿಗೆ ಸೇರಿದಾಗ ತಾನೂ ಮಲಗುತ್ತದೆ. ಆರು ದಿನ ಮನೆಯ ಫ್ಯಾನಿನ ಕೆಳಗಿದ್ದು ಏಳನೆಯ ದಿನ ಹನ್ನೊಂದು ಗಂಟೆಗೆ ಹೊಲಕ್ಕಿಳಿಯುವ ನಾಯಿಗೆ ಆ ಹೋಲಿಕೆ ಹೊಂದುವುದಿಲ್ಲ.

ಹಾಗೆ ನೋಡಿದರೆ ಊರಾಚೆ ಹೋಗಿ ಉಂಡು ಬರುವುದಕ್ಕೆ ಈ ಸೀಮೆ ಕಾಲವನ್ನು ಎಂದೋ ಗೊತ್ತುಮಾಡಿದೆ. ಎಳ್ಳ ಅಮಾವಾಸ್ಯೆಗೆ ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ ಬುತ್ತಿ ಕಟ್ಟಿಕೊಂಡು ಮನೆಮಂದಿಯೆಲ್ಲ ಚರಗ ಚೆಲ್ಲಲು ಹೊಲಕ್ಕೆ ಹೋಗುವುದು ಡಿಸೆಂಬರ್, ಜನವರಿಯ ಚಳಿಯಲ್ಲಿ, ಬಿಳಿಜೋಳ ಎದ್ದು ನಿಂತಾಗ. ನಾಯಿಯ ವಾರದ ತಿರುಗಾಟಕ್ಕೂ ನವೆಂಬರಿನಿಂದ ಫೆಬ್ರುವರಿವರೆಗಿನ ಬೆಳಗೇ ಸರಿ. ಬೇಸಿಗೆಯಲ್ಲಿ ಸೂರ್ಯ ಹುಟ್ಟುವ ಮೊದಲೇ ಮುಗಿಯಬೇಕು. ಮಳೆಗಾಲದಲ್ಲಿ ಎರೆಮಣ್ಣು ಬೆರಳ ಸಂದಿಗೆ ಮೆತ್ತಿ ಗಟ್ಟಿಯಾಗುತ್ತದೆ, ಉಣ್ಣಿಯೂ ಹತ್ತುತ್ತದೆ.

ಎಲ್ಲಿಗೆ? ಸ್ಮಾರಕಗಳ ಒಳಗಂತೂ ಬೇಡ. ರಕ್ಷಿತ ಸ್ಮಾರಕದೊಳಗೆ ಪ್ರಾಣಿಗಳನ್ನು ತರಬಾರದೆಂದು 1959ರ ನಿಯಮವೇ ಹೇಳುತ್ತದೆ. ಗುಮ್ಮಟದ ಮಾರ್ದನಿ ಗ್ಯಾಲರಿಯಲ್ಲಿ ಒಂದು ಬೊಗಳು ಎಷ್ಟಾಗಿ ಮರಳಿ ಬಂದೀತು ಎಂಬ ಕುತೂಹಲವನ್ನು ಅದುಮಿಟ್ಟುಕೊಳ್ಳಬೇಕು! ಸ್ಮಾರಕದ ಗೋಡೆ ಬಿಟ್ಟು ಆದಿಲಶಾಹಿಗಳ ನೀರಿನ ಜಾಡು ಹಿಡಿದರೆ ದಾರಿ ತಾನಾಗಿ ತೆರೆಯುತ್ತದೆ. ಎರಡನೇ ಇಬ್ರಾಹಿಂ 1599ರಲ್ಲಿ ನವರಸಪುರ ಕಟ್ಟಲು ತೊಡಗಿದ್ದು ಇಲ್ಲಿಯೇ, ತೊರವಿಯ ಹೊರವಲಯದಲ್ಲಿ. ವಿಜಯಪುರಕ್ಕೆ ಸುರಂಗದಲ್ಲಿ ನೀರು ಬಂದದ್ದೂ ಆ ಕಡೆಯಿಂದಲೇ. ಬಬಲೇಶ್ವರ ತಾಲ್ಲೂಕಿನ ಮಮದಾಪುರದಲ್ಲಿ ಮಹಮ್ಮದ್ ಆದಿಲಶಾಹ 1633ರಲ್ಲಿ ಕಟ್ಟಿಸಿದ ದೊಡ್ಡ ಕೆರೆಗೆ ಈಗ ಕೃಷ್ಣೆಯ ನೀರು ತುಂಬಿಸುತ್ತಾರೆ. ಚಳಿಗಾಲಕ್ಕೆ ವಲಸೆ ಹಕ್ಕಿ ಇಳಿಯುವ ಕೆರೆಯಂಚನ್ನು ಅವಕ್ಕೇ ಬಿಟ್ಟು, ಏರಿಯ ಹೊರಬದಿಯಲ್ಲಿ ನಡೆದರೆ ಇಬ್ಬರಿಗೂ ಜಗಳವಿಲ್ಲ.

ತಿಕೋಟಾ ಕಡೆಗೆ ಹೋಗುವವರು ಮಾತ್ರ ಒಂದು ವಿಷಯ ಗಂಟು ಹಾಕಿಕೊಳ್ಳಬೇಕು. ಅದು ದ್ರಾಕ್ಷಿಯ ನಾಡು. ದ್ರಾಕ್ಷಿ ನಾಯಿಗೆ ವಿಷ, ಒಣದ್ರಾಕ್ಷಿ, ಅಂದರೆ ಮನೂಕ, ಅದಕ್ಕಿಂತ ಕೆಟ್ಟದ್ದು. ಕೆಲವು ನಾಯಿಗಳಿಗೆ ಒಂದು ಮುಷ್ಟಿಯೂ ಮೂತ್ರಪಿಂಡ ಕೆಡಿಸಲು ಸಾಕು. ಎಷ್ಟು ತಿಂದರೆ ಅಪಾಯವಿಲ್ಲ ಎಂಬ ಲೆಕ್ಕ ವೈದ್ಯರೂ ಕೊಡುವುದಿಲ್ಲ. ಅದರಲ್ಲಿನ ಟಾರ್ಟಾರಿಕ್ ಆಮ್ಲ ಕಾರಣವಿರಬೇಕೆಂಬುದು ಈಚಿನ ತಿಳಿವಳಿಕೆ. ಅದೇ ಆಮ್ಲ ಹುಣಸೆಯಲ್ಲಿ ಹೇರಳವಾಗಿದೆ. ಮನೂಕ ಒಣಗಿಸುವ ಶೆಡ್ಡುಗಳ ಸುತ್ತ ನೆಲಕ್ಕೆ ಬಿದ್ದದ್ದು, ತೋಟದಲ್ಲಿ ಆಗತಾನೆ ಹೊಡೆದ ಔಷಧಿ, ದಾರಿಬದಿಯ ಹುಣಸೆಮರದಡಿ ಉದುರಿದ ಕಾಯಿ ಇವೆಲ್ಲ ನಾಯಿಯ ಬಾಯಿ ಎಟುಕಿನಲ್ಲೇ ಇರುತ್ತವೆ. ತಿಂದದ್ದು ಕಂಡರೆ ವಾಂತಿಯಾಗುವುದನ್ನು ಕಾಯದೆ ಕೂಡಲೇ ಪಶುವೈದ್ಯರ ಬಳಿ ಒಯ್ಯಬೇಕು.

ಇಷ್ಟೆಲ್ಲ ಎಚ್ಚರಕ್ಕೆ ಇಬ್ಬರು ಬೇಕೇ ಬೇಕು, ಜೋಡಿಯಾಗಿ ಹೋಗುವುದರ ನಿಜವಾದ ಪ್ರಯೋಜನ ಅದು. ಹಗ್ಗ ಒಬ್ಬರ ಕೈಯಲ್ಲಿ. ನೀರು, ದಾರಿ, ಎದುರಿಗೆ ಬರುವ ಎಮ್ಮೆ, ಮಕ್ಕಳು, ಊರನಾಯಿಗಳ ಮೇಲಿನ ಕಣ್ಣು ಇನ್ನೊಬ್ಬರದು. ಬೈಕಿನಲ್ಲಿ ನಡುವೆ ನಾಯಿ ಕೂರಿಸಿಕೊಂಡು ಹೆದ್ದಾರಿ ಹಿಡಿಯುವುದಕ್ಕಿಂತ ನಡೆದು ಮುಟ್ಟುವ ಜಾಗವೇ ಮೇಲು. ಉಂಡುಟ್ಟವರ ಶೋಕಿ ಎಂಬ ಟೀಕೆ ಚಿತ್ರಕ್ಕಾಗಿ ನಾಯಿ ಸಾಕುವವರಿಗೆ ಸಲ್ಲಲಿ. ಬೆಳಗಿನ ಅರ್ಧ ತಾಸಿಗೆ, ಒಂದು ಹಗ್ಗಕ್ಕೆ, ಬಾಟಲಿ ನೀರಿಗೆ ದುಡ್ಡು ಬೇಕಿಲ್ಲ. ದುಡ್ಡು ಬೇಕಾಗುವುದು ವರ್ಷವರ್ಷದ ರೇಬಿಸ್ ಚುಚ್ಚುಮದ್ದಿಗೆ. ಎದುರಿಗೆ ಬರುವ ಅಪರಿಚಿತರು ನಾಯಿಗೆ ಹೆದರುವುದು ತಪ್ಪಲ್ಲವಾದ್ದರಿಂದ ಹಗ್ಗ ಗಿಡ್ಡ ಮಾಡಿ ದಾರಿ ಬಿಡಬೇಕಾದವರು ನಾಯಿಯವರೇ. ಅಂದಹಾಗೆ, ಕೂಡುಕುಟುಂಬದ ಮನೆಯಲ್ಲಿ ಹೊಸದಾಗಿ ಮದುವೆಯಾದವರು ಇಬ್ಬರೇ ನಸುಕಿನಲ್ಲಿ ಹೊರಬೀಳಲು ‘ನಾಯಿ ತಿರುಗಾಡಿಸಿಕೊಂಡು ಬರ್ತೇವ್ರಿ ಅತ್ತಿ’ ಎನ್ನುವುದಕ್ಕಿಂತ ಒಳ್ಳೆಯ ನೆಪ ಸಿಗುವುದು ಕಷ್ಟ. ಆದರೆ ಎಂಟು ಗಂಟೆಯೊಳಗೆ ಮರಳಬೇಕು, ಅತ್ತೆ ಕಾಯುತ್ತಾರೆಂದಲ್ಲ, ಎರೆನೆಲ ಕಾಯತೊಡಗುತ್ತದೆಂದು.