ಸೆಕೆಂಡಿನ ಅರವತ್ತರಲ್ಲೊಂದು ಪಾಲು

ಮಧ್ಯಾಹ್ನ ಮೂರೂವರೆಯಿಂದ ಐದು ಗಂಟೆಯವರೆಗೆ ಮಹಾಪೆಯ ಹೊಟೇಲುಗಳಿಗೆ ತುಸು ಬಿಡುವು. ಕೈಗಾರಿಕಾ ವಸಾಹತಿನ ಕಾರ್ಖಾನೆ, ಕಚೇರಿಗಳ ಊಟದ ಗದ್ದಲ ಮುಗಿದಿರುತ್ತದೆ. ಪಾಳಿ ಬಿಟ್ಟು ಘನ್ಸೋಲಿ, ಕೋಪರ್‌ಖೈರಣೆ ನಿಲ್ದಾಣಗಳ ಕಡೆಗೂ, ಶಿಲ್‌ಫಾಟಾದ ಮಾರ್ಗವಾಗಿ ಡೊಂಬಿವಲಿ, ಕಲ್ಯಾಣಗಳ ಕಡೆಗೂ ಹೊರಡುವವರ ಚಹಾದ ವೇಳೆ ಇನ್ನೂ ಬಂದಿರುವುದಿಲ್ಲ. ಮೊನ್ನೆ ಅಂಥದೊಂದು ಹೊತ್ತಿನಲ್ಲಿ ನಾವು ಪರಿಚಿತರೊಬ್ಬರ ಹೊಟೇಲಿನಲ್ಲಿ ಕುಳಿತಿದ್ದಾಗ, ಹಿಂಬದಿಯ ಕೆಲಸಗಾರರ ಕೋಣೆಯಿಂದ ಟಕಟಕನೆ ಒಂದು ಸದ್ದು ಎಡೆಬಿಡದೆ ಕೇಳಿಬರುತ್ತಿತ್ತು. ಕುತೂಹಲದಿಂದ ಇಣುಕಿ ನೋಡಿದೆವು.

ಇಪ್ಪತ್ತರ ಹರೆಯದ ಸಪ್ಲೈಯರ್ ಹುಡುಗನೊಬ್ಬನು ಚಾಪೆಯ ಮೇಲೆ ಕುಳಿತು, ಟೆಲಿವಿಜನ್ನಿನ ಎದುರು ಆಟದ ಯಂತ್ರದ ಗುಂಡಿಗಳನ್ನು ಒತ್ತುತ್ತಿದ್ದನು. ನಾಲ್ವರು ಸೇರಿ ಹಣ ಹಾಕಿ ಕೊಂಡ ಹಳೆಯ ಯಂತ್ರವದು. ಪಕ್ಕದಲ್ಲಿ ಸಮೀಪದ ಕಚೇರಿಯ ಗುಮಾಸ್ತರೊಬ್ಬರು, ಡೊಂಬಿವಲಿಯವರು, ಗೋಡೆಗೊರಗಿ ನೋಡುತ್ತಿದ್ದರು. ಪರದೆಯ ಮೇಲೆ ಇಬ್ಬರು ಜಟ್ಟಿಗಳು. ಆದರೆ ಕಾಳಗವೇ ಇಲ್ಲ! ಹುಡುಗನ ಜಟ್ಟಿಯು ಬರಿದೆ ಹಿಂದಕ್ಕೆ, ಮತ್ತೂ ಹಿಂದಕ್ಕೆ ಸರಿಯುತ್ತಿದ್ದನು.

“ಹೊಡೆಯುವುದು ಯಾವಾಗಪ್ಪಾ?” ಎಂದು ಕೇಳಿದೆವು.

“ಹೊಡೆಯುವುದು ಕಲಿತು ಆರು ತಿಂಗಳಾಯಿತು ಸಾರ್. ಈಗ ಹಿಂದೆ ಹೋಗುವುದನ್ನು ಕಲಿಯುತ್ತಿದ್ದೇನೆ” ಎಂದನು.

ಈ ಉತ್ತರವು ನಮ್ಮನ್ನು ಅಲ್ಲಿಯೇ ಕೂರಿಸಿತು.

ಆಟದ ಹೆಸರು ಟೆಕ್ಕೆನ್. ಜಪಾನಿನ ನಾಮ್ಕೊ ಕಂಪೆನಿಯು ಇದನ್ನು ಮೊದಲಿಗೆ 1994ರಲ್ಲಿ ಹೊರತಂದಿತು. ಹುಡುಗರ ಬಳಿಯಿರುವುದು ಏಳನೆಯದು. ಎಂಟನೆಯದು 2024ರಲ್ಲಿ ಬಂದಿದೆ. ತೊಂಬತ್ತರ ದಶಕದಲ್ಲಿ ಮುಂಬಯಿಯ ವಿಡಿಯೋ ಗೇಮ್ ಪಾರ್ಲರುಗಳಲ್ಲಿ ‘ಸ್ಟ್ರೀಟ್ ಫೈಟರ್’ ಆಡಿದವರೂ, ‘ಮುಸ್ತಫಾ’ ಎಂದು ಜನರು ಕರೆಯುತ್ತಿದ್ದ ಆಟಕ್ಕೆ ಚಿಲ್ಲರೆ ಕಳೆದವರೂ ನಮ್ಮ ವಾಚಕರಲ್ಲಿ ಅನೇಕರಿರಬೇಕು. ಗುಂಡಿ ಕುಟ್ಟುವುದೇ ಆಟವೆಂಬುದು ಅಂದಿನ ನಂಬಿಕೆ. ನಮ್ಮದೂ ಅದೇ ಆಗಿತ್ತೆಂದು ಒಪ್ಪಿಕೊಳ್ಳುತ್ತೇವೆ.

ಪರದೆಯ ಚಿತ್ರವು ಸೆಕೆಂಡಿಗೆ 60 ಸಲ ಬದಲಾಗುತ್ತದೆ. ಇಂಥ ಒಂದೊಂದು ಚಿತ್ರಕ್ಕೆ ಫ್ರೇಮು ಎಂದು ಹೆಸರು. ಈ ಆಟದಲ್ಲಿ ಕಾಲವನ್ನು ಅಳೆಯುವುದು ಅದರಿಂದಲೇ. ಅತಿ ಚುರುಕಾದ ಗುದ್ದು 10 ಫ್ರೇಮಿನಲ್ಲಿ ಬಂದು ತಾಗುತ್ತದೆ. ಕಣ್ಣು ಕಂಡುದಕ್ಕೆ ಕೈ ಉತ್ತರ ಕೊಡಬೇಕಾದರೆ ಸಾಮಾನ್ಯ ಮನುಷ್ಯನಿಗೆ ಸೆಕೆಂಡಿನ ಐದರಲ್ಲೊಂದು ಪಾಲಿನಿಂದ ನಾಲ್ಕರಲ್ಲೊಂದು ಪಾಲು, ಅಂದರೆ 12ರಿಂದ 15 ಫ್ರೇಮು ಬೇಕು. ಲೆಕ್ಕ ಬಲ್ಲ ಗುಮಾಸ್ತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ಅಂಥ ಗುದ್ದನ್ನು ಕಂಡು ತಡೆಯುವುದೆಂಬುದು ಆಗದ ಮಾತು. ಅದು ಮುಟ್ಟದಷ್ಟು ದೂರದಲ್ಲಿ ನಿಂತು, ಎದುರಾಳಿಯ ಕೈ ಗಾಳಿಯಲ್ಲಿ ಬೀಸಿಹೋದ ಮರುಕ್ಷಣವೇ ನುಗ್ಗಬೇಕು. ಆದ್ದರಿಂದಲೇ ಹಿಂದೆ ಸರಿಯುವುದೊಂದು ವಿದ್ಯೆಯಾಯಿತು.

ಹಿಂದಿನ ಗುಂಡಿಯನ್ನು ಎರಡು ಸಲ ಒತ್ತಿದರೆ ಜಟ್ಟಿಯು ಒಂದು ನೆಗೆತ ಹಿಂದಕ್ಕೆ ಹೋಗುತ್ತಾನೆ. ಆ ನೆಗೆತ ಪೂರ್ಣವಾಗುವ ತನಕ ಇನ್ನೊಂದು ನೆಗೆತ ಹುಟ್ಟದು. ನಡುವೆ ಅವನು ಸಿಕ್ಕಿಬೀಳಬಹುದು. ದಕ್ಷಿಣ ಕೊರಿಯಾದ ಆಟಗಾರರು ಇದಕ್ಕೊಂದು ಉಪಾಯವನ್ನು ಪಳಗಿಸಿದರು. ನೆಗೆತದ ನಡುವೆಯೇ ಬೆರಳನ್ನು ಹಿಂದಿನಿಂದ ಹಿಂದೆ-ಕೆಳಗಿನ ಮೂಲೆಗೆ ಜಾರಿಸಿದರೆ, ಜಟ್ಟಿಯು ಕುಳಿತುಕೊಳ್ಳಲು ಹೊರಟು, ನೆಗೆತವು ಅಲ್ಲಿಗೇ ತುಂಡಾಗುತ್ತದೆ. ಕೂಡಲೇ ಮತ್ತೆ ಹಿಂದಕ್ಕೆ ಜಾರಿಸಿ, ಬಿಟ್ಟು, ಒತ್ತಿದರೆ ಹೊಸ ನೆಗೆತ. ಹಿಂದೆ, ಬಿಡು, ಹಿಂದೆ, ಮೂಲೆ. ಹಿಂದೆ, ಬಿಡು, ಹಿಂದೆ, ಮೂಲೆ. ಇದಕ್ಕೆ ಲೋಕವೆಲ್ಲ ಕೊರಿಯನ್ ಬ್ಯಾಕ್‌ಡ್ಯಾಶ್ ಎನ್ನುತ್ತದೆ. ಮೂಲೆಗೆ ಬೇಗ ಹೋದರೆ ನೆಗೆತವೇ ಹುಟ್ಟುವುದಿಲ್ಲ. ಅಲ್ಲಿ ತಡೆದು ನಿಂತರೆ ಜಟ್ಟಿಯು ಕುಳಿತೇಬಿಡುತ್ತಾನೆ. ಕುಳಿತವನಿಗೆ ನಡುಮಟ್ಟದ ಒದೆ ತಪ್ಪದು.

ಮುಂದಕ್ಕೆ ಹೋಗುವುದಕ್ಕೂ ಇಂಥದೇ ಒಂದು ಅಲೆನಡೆಯುಂಟು. ಅದರ ತುದಿಯಲ್ಲಿ ಮಿಶಿಮಾ ಮನೆತನದ ಜಟ್ಟಿಗಳ ಪ್ರಖ್ಯಾತವಾದ ಮಿಂಚಿನ ಗುದ್ದು ಇದೆ. ಮುಂದೆ, ಬಿಡು, ಕೆಳಗೆ, ಆಮೇಲೆ ಮುಂದೆ-ಕೆಳಗಿನ ಮೂಲೆ. ಈ ಮೂಲೆಯೂ ಮುಷ್ಟಿಯ ಗುಂಡಿಯೂ ಒಂದೇ ಫ್ರೇಮಿನಲ್ಲಿ ಬೀಳಬೇಕು. ಬಿದ್ದರೆ ಮಿಂಚು: ಎದುರಾಳಿಯು ತಡೆದರೂ ಹೊಡೆದವನೇ 5 ಫ್ರೇಮು ಮುಂದಿರುತ್ತಾನೆ. ಒಂದು ಫ್ರೇಮು ತಪ್ಪಿದರೆ ನೋಡುವುದಕ್ಕೆ ಅದೇ ಗುದ್ದಾದರೂ ಬರಿಯ ಗುದ್ದು. ಎದುರಾಳಿಯು ತಡೆದನೆಂದರೆ 10 ಫ್ರೇಮು ಹಿಂದೆ ಬಿದ್ದು ಪೆಟ್ಟು ತಿನ್ನಬೇಕು. ಸೆಕೆಂಡಿನ ಅರವತ್ತರಲ್ಲೊಂದು ಪಾಲಿನ ಬೆಲೆ ಇಷ್ಟು!

ಇದನ್ನೆಲ್ಲ ಹುಡುಗನು ವಿವರಿಸುತ್ತಿರುವಾಗ ಬಾಗಿಲಲ್ಲಿ ನಿಂತು ಕೇಳುತ್ತಿದ್ದವರು ದೋಸೆಯ ಭಟ್ಟರು. ಕುಂದಾಪುರದ ಕಡೆಯ ಹಿರಿಯರು. ಕಾವಲಿಯ ಮುಂದೆ ಮೂವತ್ತು ವರ್ಷ ಕಳೆದವರು.

“ಮಾಣಿ, ನೀನು ಬೇಗ ಮಾಡುವುದಕ್ಕೆ ಹೋಗುವುದೇ ತಪ್ಪು ಮಾರಾಯ. ಕಾವಲಿ ಅತಿಯಾಗಿ ಕಾದಾಗ ಹಿಟ್ಟು ಹೊಯ್ದರೆ ಅದು ಹರಡುವುದಿಲ್ಲ, ಸಟ್ಟುಗಕ್ಕೇ ಸುತ್ತಿಕೊಳ್ಳುತ್ತದೆ. ನೀರು ಚಿಮುಕಿಸಿ ಆ ಸದ್ದು ಕೇಳಬೇಕು.”

“ಆಟದಲ್ಲಿ ಸದ್ದೆಲ್ಲಿದೆ ಭಟ್ರೇ?”

“ನಿನ್ನ ಬೆರಳಿನಲ್ಲೇ ಇದೆಯಲ್ಲ! ನಾಲ್ಕು ಪೆಟ್ಟು ಒಂದೇ ಸಮ ಬೀಳಬೇಕು. ಬೀಳುತ್ತಿಲ್ಲ. ಮೂರನೆಯದಕ್ಕೆ ಓಡುತ್ತೀ.”

ಭಟ್ಟರು ಎಳವೆಯಲ್ಲಿ ಯಕ್ಷಗಾನದ ಹೆಜ್ಜೆ ಕಲಿತವರೆಂದು ಆಮೇಲೆ ತಿಳಿಯಿತು. ಆ ಹೆಜ್ಜೆಗಳನ್ನೂ ಮೊದಲು ಬಾಯಿಯಲ್ಲಿ ಹೇಳಿ, ವಿಳಂಬದಲ್ಲಿ ಕುಣಿದು, ತಾಳ ತಪ್ಪದಂತಾದ ಮೇಲೆಯೇ ವೇಗ ಏರಿಸುವ ಪದ್ಧತಿ. ಹುಡುಗನು ಅಂದಿನಿಂದ ನಾಲ್ಕು ಮಾತ್ರೆ ಎಣಿಸಿಕೊಂಡು ನಿಧಾನವಾಗಿ ಒತ್ತತೊಡಗಿದನು. ಯಾವ ಗುಂಡಿ ಯಾವ ಕ್ರಮದಲ್ಲಿ ಬಿತ್ತೆಂಬುದನ್ನು ಆಟದ ಅಭ್ಯಾಸ ವಿಭಾಗವೇ ಪರದೆಯ ಅಂಚಿನಲ್ಲಿ ಬರೆದು ತೋರಿಸುತ್ತದೆ. ತಪ್ಪನ್ನು ಅಲ್ಲಿಯೇ ಓದಿಕೊಳ್ಳಬಹುದು. ಟೆಲಿವಿಜನ್ನಿನಲ್ಲಿ ಗೇಮ್ ಮೋಡ್ ಎಂಬುದಿದ್ದರೆ ಅದನ್ನು ಹಾಕಿಕೊಳ್ಳತಕ್ಕದ್ದು ಎಂದು ಗುಮಾಸ್ತರು ಸೂಚಿಸಿದರು. ಚಿತ್ರವನ್ನು ಚೆಂದಗೊಳಿಸುವುದಕ್ಕಾಗಿ ಟೆಲಿವಿಜನ್ನು ಮಾಡುವ ತಡದಲ್ಲಿ ಕೆಲವು ಫ್ರೇಮು ಸುಮ್ಮನೆ ಸೋರಿಹೋಗುತ್ತವೆ.

ಇಂಥ ಕೋಣೆಗಳಿಂದ ಯಾರು ತಾನೇ ಮೇಲೆ ಬಂದಾರೆಂದು ಕೇಳುವವರಿಗೆ ಲಾಹೋರಿನ ಸಂಗತಿಯನ್ನು ಹೇಳಬೇಕು. ಅಲ್ಲಿಯ ಆಟದ ಅಂಗಡಿಗಳಲ್ಲಿ ಪಳಗಿದ ಅರ್ಸಲಾನ್ ಸಿದ್ದಿಕಿ ಎಂಬ ತರುಣನು, ವೀಸಾದ ತೊಡಕು, ಪ್ರಯಾಣದ ಬವಣೆಗಳನ್ನು ದಾಟಿ, 2019ರ ಫೆಬ್ರವರಿಯಲ್ಲಿ ಜಪಾನಿನ ಈವೋ ಪಂದ್ಯವನ್ನು ಗೆದ್ದನು. ಅದೇ ವರ್ಷದ ಆಗಸ್ಟಿನಲ್ಲಿ ಅಮೆರಿಕದ ಲಾಸ್ ವೇಗಾಸಿನಲ್ಲಿ ಕೊರಿಯಾದ ಘನ ಆಟಗಾರ ಬೇ ಜೇಮಿನ್‌ನನ್ನು ಸೋಲಿಸಿದನು. ಅದುವರೆಗೆ ಲಾಹೋರಿನ ಅಂಗಡಿಗಳ ಬಲವನ್ನು ಹೊರಗಿನವರು ಅರಿತಿರಲಿಲ್ಲ. ಇನ್ನು ನಡುವಯಸ್ಸಿನ ಗುಮಾಸ್ತರಿಗೆ ಸಮಾಧಾನದ ಸುದ್ದಿಯೊಂದಿದೆ: 2023ರಲ್ಲಿ ಚೀನದ ಹಾಂಗ್‌ಝೌದಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದಲ್ಲಿ ಸ್ಟ್ರೀಟ್ ಫೈಟರ್ ಆಟದ ಚಿನ್ನ ಗೆದ್ದ ಕೊರಿಯಾದ ಕಿಮ್ ಗ್ವಾನ್‌ವೂ ಅವರಿಗೆ ಆಗ 44 ವರ್ಷ. ನಮ್ಮ ದೇಶದಿಂದ ಮಯಂಕ್ ಪ್ರಜಾಪತಿ, ಅಯನ್ ಬಿಸ್ವಾಸ್ ಇವರು ಅಲ್ಲಿ ಆಡಿದ್ದರು. ಭಾರತ ಸರಕಾರವು 2022ರ ಡಿಸೆಂಬರಿನಲ್ಲಿಯೇ ಇ-ಕ್ರೀಡೆಗೆ ಮನ್ನಣೆ ಕೊಟ್ಟಿತ್ತು. 2025ರ ಆಗಸ್ಟಿನ ಕಾನೂನು ಹಣವೊಡ್ಡುವ ಜಾಲದಾಟಗಳನ್ನು ನಿಷೇಧಿಸಿ, ಇಂಥ ಕ್ರೀಡೆಯನ್ನು ಅವುಗಳಿಂದ ಬೇರೆಯಾಗಿಸಿತು. ಫೋನಿನ ರಮ್ಮಿಯಲ್ಲಿ ಸಂಬಳ ಕಳೆದುಕೊಂಡವರನ್ನು ಬಲ್ಲ ನಮಗೆ ಈ ಭೇದ ಸಣ್ಣದೆಂದು ತೋರುವುದಿಲ್ಲ.

ಆದರೂ ಯಜಮಾನರ ದೂರನ್ನು ತಳ್ಳಿಹಾಕುವಂತಿಲ್ಲ. ಹುಡುಗನು ರಾತ್ರಿ ಒಂದು ಗಂಟೆಯವರೆಗೆ ಆಡಿ, ನಾಲ್ಕೂವರೆಗೆ ಏಳಲಾರದೆ ಎದ್ದು, ಒಂದು ವಾರದಲ್ಲಿ ಎರಡು ಸಲ ಗ್ಲಾಸುಗಳ ತಟ್ಟೆಯನ್ನೇ ಕೆಡವಿದ್ದನಂತೆ. “ಇನ್ನೊಮ್ಮೆ ಆದರೆ ಯಂತ್ರವೂ ಹೊರಗೆ, ನೀನೂ ಹೊರಗೆ” ಎಂದು ಅವರು ಹೇಳಿಬಿಟ್ಟಿದ್ದರು. ಹುಡುಗನ ಸಂಬಳದಲ್ಲಿ ಅರ್ಧಕ್ಕಿಂತ ಹೆಚ್ಚು ಊರಿಗೆ ಹೋಗುತ್ತದೆ. ಆ ಬೆದರಿಕೆ ಅವನಿಗೆ ಆಟದ ಮಾತಾಗಿರಲಿಲ್ಲ.

ಒಂದು ಕಾಲಕ್ಕೆ ಇದೇ ಮುಂಬಯಿಯಲ್ಲಿ ನಮ್ಮ ಹೊಟೇಲು ಹುಡುಗರು ದಿನವೆಲ್ಲ ಮೇಜು ಒರಸಿ, ಸಂಜೆ ಕನ್ನಡ ರಾತ್ರಿ ಶಾಲೆಗಳ ಬೆಂಚಿನಲ್ಲಿ ಕುಳಿತು ಮೆಟ್ರಿಕ್ ಪಾಸಾದರು. ಅವರಿಗೂ ನಿದ್ದೆಯ ಕೊರತೆಯಿತ್ತು. ಆ ವಿದ್ಯೆಯನ್ನೂ ಈ ವಿದ್ಯೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಸಾಹಸಕ್ಕೆ ನಾವು ಕೈಹಾಕುವುದಿಲ್ಲ. ಬೆರಳಿನ ವಿದ್ಯೆಯ ಮಟ್ಟಿಗೆ ಮಾತ್ರ ಒಂದು ಮಾತು ನಿಶ್ಚಯ: ಅದು ಒಂದೇ ರಾತ್ರಿಯ ಮೂರು ತಾಸಿಗಿಂತ ದಿನದಿನದ ಅರ್ಧ ತಾಸಿನಲ್ಲಿ ಚೆನ್ನಾಗಿ ನೆಲೆಸುತ್ತದೆ, ಹಗಲು ಕಲಿತುದನ್ನು ಗಟ್ಟಿಮಾಡುವುದರಲ್ಲಿ ನಿದ್ದೆಗೂ ಪಾಲಿದೆ. ಇದನ್ನು ಹುಡುಗನಿಗೂ ಹೇಳಿದೆವು, ಗಲ್ಲಾದಲ್ಲಿದ್ದ ಯಜಮಾನರಿಗೂ ಹೇಳಿದೆವು. ಮಧ್ಯಾಹ್ನದ ಬಿಡುವಿನಲ್ಲಿ ಅರ್ಧ ತಾಸು, ರಾತ್ರಿ ಯಂತ್ರದ ತಂತಿಯು ಭಟ್ಟರ ಪೆಟ್ಟಿಗೆಯಲ್ಲಿ ಎಂದು ಒಪ್ಪಂದವಾಯಿತು.

ಮೂರು ವಾರ ಬಿಟ್ಟು ಮತ್ತೆ ಹೋದೆವು. ಗ್ಲಾಸು ಒಡೆದಿರಲಿಲ್ಲ. ಹುಡುಗನು ಚಹಾ ತಂದಿಟ್ಟು, ನಾವು ಕೇಳುವ ಮೊದಲೇ ವರದಿ ಒಪ್ಪಿಸಿದನು: ಜಟ್ಟಿಯು ಪರದೆಯ ಎಡಬದಿಯಲ್ಲಿ ನಿಂತಾಗ ಆರು ನೆಗೆತ ಒಂದೇ ಸಮ ಬರುತ್ತವೆಯಂತೆ. ಬಲಬದಿಗೆ ಬಂದರೆ ಬೆರಳಿನ ದಿಕ್ಕೆಲ್ಲ ತಿರುಗಿ ಹೋಗುತ್ತದೆ. ಅಲ್ಲಿ ಇನ್ನೂ ಎರಡೇ.