ನಡಿಗೆ ತೆರೆದ ಬಾಗಿಲು

1920ರ ಒಂದು ದಿನ, ಲಂಡನ್ನಿನ ಕಿಂಗ್ಸ್ ಕಾಲೇಜ್ ಆಸ್ಪತ್ರೆಯ ಯುವ ವೈದ್ಯ ರಾಬಿನ್ ಲಾರೆನ್ಸ್ ಶವವೊಂದರ ಕಿವಿಯ ಹಿಂದಿನ ಎಲುಬನ್ನು ಉಳಿಯಿಂದ ಕೆತ್ತುತ್ತಿದ್ದ. ಶಸ್ತ್ರಚಿಕಿತ್ಸೆಗೆ ಕೈ ಪಳಗಿಸಿಕೊಳ್ಳುವ ಅಭ್ಯಾಸ ಅದು. ಉಳಿಯ ಪೆಟ್ಟಿಗೆ ಸಿಡಿದ ಎಲುಬಿನ ಚೂರೊಂದು ಕಣ್ಣಿಗೆ ಹೊಕ್ಕಿತು. ಕಣ್ಣಿಗೆ ಸೋಂಕು ತಗುಲಿತು. ಚಿಕಿತ್ಸೆಗೆ ಮಲಗಿದ್ದಾಗ ಮಾಡಿದ ಮೂತ್ರ ಪರೀಕ್ಷೆಯಲ್ಲಿ ಇನ್ನೊಂದು ಗುಟ್ಟು ಹೊರಬಿತ್ತು: ಸಕ್ಕರೆ ಕಾಯಿಲೆ. ಆತನಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ. ಸರ್ಜನ್ ಆಗುವ ಕನಸು ಅಲ್ಲಿಗೇ ಮುರಿಯಿತು.

ಆ ಕಾಲದಲ್ಲಿ ಈ ಕಾಯಿಲೆಗೆ ಮದ್ದಿರಲಿಲ್ಲ. ಹೊಟ್ಟೆ ಕಟ್ಟಿ ದಿನ ದೂಡುವುದೊಂದೇ ದಾರಿ. ಮನೆಯವರ ಕಣ್ಣೆದುರು ಸಾಯಬಾರದೆಂದು ಲಾರೆನ್ಸ್ ಇಟಲಿಯ ಫ್ಲಾರೆನ್ಸ್‌ಗೆ ಹೊರಟುಹೋದ. ಅಲ್ಲಿಯ ಚಳಿಗೆ ಎದೆ ಕಟ್ಟಿತು, ಮೈ ಬಡಕಲಾಯಿತು. ಇನ್ನೇನು ಮುಗಿಯಿತು ಅನ್ನುವಾಗ, 1923ರಲ್ಲಿ, ಹಳೆಯ ಸಹೋದ್ಯೋಗಿ ಹ್ಯಾರಿಸನ್‌ನಿಂದ ಸುದ್ದಿ ಬಂತು. ಇನ್ಸುಲಿನ್ ಕೈಗೆ ಸಿಕ್ಕಿದೆ, ಕೆಲಸ ಮಾಡುತ್ತಿದೆ, ಬೇಗ ಹೊರಟು ಬಾ ಎಂಬುದು ಅದರ ಸಾರ. ಲಾರೆನ್ಸ್ ಆ ಸ್ಥಿತಿಯಲ್ಲೇ ಕಾರು ಹತ್ತಿ ಯೂರೋಪನ್ನು ದಾಟಿದ. ಮೇ 28ರಂದು ಲಂಡನ್ ಮುಟ್ಟಿದ. 31ರಂದು ಮೊದಲ ಇಂಜೆಕ್ಷನ್ ಬಿತ್ತು. ಸಾಯಹೊರಟವನು ಬದುಕಿಕೊಂಡ.

ಅದೇ 1923ರಲ್ಲಿ, ಸಾವಿರಾರು ಮೈಲಿ ಆಚೆ ಭದ್ರಾವತಿಯಲ್ಲಿ, ಮಲೆನಾಡಿನ ಕಟ್ಟಿಗೆಯ ಇದ್ದಿಲು ನುಂಗುತ್ತಾ ಕಬ್ಬಿಣದ ಕುಲುಮೆ ಉರಿಯತೊಡಗಿತ್ತು. ಕುಲುಮೆಯ ಮುಂದೆ ನಿಂತವರಿಗೆ ಗೊತ್ತಿತ್ತು: ಬೆಂಕಿ ಹತ್ತಿಸುವುದು ಒಂದು ಕೆಲಸ, ಅದನ್ನು ಹದದಲ್ಲಿ ಇಡುವುದು ಇನ್ನೊಂದು. ಇನ್ಸುಲಿನ್ ತೆಗೆದುಕೊಂಡವರ ಮೈಯ ಪಾಡೂ ಹಾಗೇ ಆಯಿತು. ಅದೇ ಊಟ, ಅದೇ ಅಳತೆಯ ಮದ್ದು. ಆದರೂ ಒಂದು ದಿನ ಆರಾಮ, ಮತ್ತೊಂದು ದಿನ ಬೆವರು, ಕೈನಡುಕ, ಕಣ್ಣುಕತ್ತಲೆ. ಸಕ್ಕರೆ ಏರಿ ಸಾಯುತ್ತಿದ್ದವರು ಈಗ ಸಕ್ಕರೆ ಇಳಿದು ಕುಸಿಯತೊಡಗಿದರು.

ವೈದ್ಯನೂ ರೋಗಿಯೂ ಒಬ್ಬನೇ ಆಗಿದ್ದ ಲಾರೆನ್ಸ್‌ಗೆ ಇದು ಪುಸ್ತಕದ ಪ್ರಶ್ನೆಯಾಗಿರಲಿಲ್ಲ. ಆತ ಹಟ ಹಿಡಿದ. ಒಂದೇ ಅಳತೆಯ ಇನ್ಸುಲಿನ್ ಕೊಟ್ಟು, ಒಮ್ಮೆ ಸುಮ್ಮನೆ ಕೂರಿಸಿ, ಇನ್ನೊಮ್ಮೆ ಮೈ ದಣಿಸಿ, ರಕ್ತ ತೆಗೆದು ತಾಳೆ ನೋಡಿದ. ಮೈ ದಣಿಸಿದಾಗ ಸಕ್ಕರೆ ಹೆಚ್ಚು ಆಳಕ್ಕೆ ಇಳಿಯಿತು. ವ್ಯಾಯಾಮವು ಇನ್ಸುಲಿನ್ನಿನ ಬಲ ಹೆಚ್ಚಿಸುತ್ತದೆ ಎಂದು 1926ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದ. ದುಡಿಯುವ ದಿನ ಮದ್ದು ತಗ್ಗಬೇಕು, ಇಲ್ಲವೇ ತುತ್ತು ಹೆಚ್ಚಬೇಕು ಎಂಬ ಲೆಕ್ಕಕ್ಕೆ ಹೀಗೆ ಬುನಾದಿ ಬಿತ್ತು.

ಆದರೆ ಗಂಟು ಪೂರ್ತಿ ಬಿಚ್ಚಿರಲಿಲ್ಲ. ಇನ್ಸುಲಿನ್ ತೀರಾ ಸಾಲದ ಮೈಯಲ್ಲಿ ಅದೇ ವ್ಯಾಯಾಮ ಸಕ್ಕರೆಯನ್ನು ಇನ್ನಷ್ಟು ಏರಿಸುತ್ತಿತ್ತು. ದುಡಿಯುವ ಸ್ನಾಯು ಸಕ್ಕರೆಯನ್ನು ಒಳಗೆ ಎಳೆದುಕೊಳ್ಳುವುದಾದರೂ ಹೇಗೆ? ಉತ್ತರದ ಒಂದು ಎಳೆ ಸಿಕ್ಕಿದ್ದು ಕಪ್ಪೆಯ ತೊಡೆಯಲ್ಲಿ. 1965ರಲ್ಲಿ ಅಮೆರಿಕದ ಹೊಲೋಜಿ ಮತ್ತು ನರಹರ ಎಂಬ ವಿಜ್ಞಾನಿಗಳು ದೇಹದಿಂದ ಬೇರ್ಪಡಿಸಿದ ಸ್ನಾಯುವಿಗೆ ವಿದ್ಯುತ್ ಮುಟ್ಟಿಸಿ ಕುಗ್ಗಿಸಿದರು. ಇನ್ಸುಲಿನ್ ಸೇರಿಸದೆಯೇ ಸ್ನಾಯು ಸಕ್ಕರೆಗೆ ದಾರಿ ಬಿಟ್ಟಿತು. ಅಂದರೆ ಸ್ನಾಯುವೆಂಬ ಮನೆಗೆ ಇನ್ಸುಲಿನ್ ತೆರೆಯುವ ಬಾಗಿಲಲ್ಲದೆ ಎರಡನೆಯ ಬಾಗಿಲೂ ಇತ್ತು.

ಬಾಗಿಲು ತೆರೆಯುವುದು ತಿಳಿಯಿತು. ಸಕ್ಕರೆಯ ಕುಸಿತ ತಡೆಯುವುದು ಹೇಗೆ? ಈ ಬಾರಿ ಆಸ್ಟ್ರೇಲಿಯಾದ ಪರ್ತ್‌ನ ಸರದಿ. ಟೈಪ್ 1 ಮಧುಮೇಹದ ಏಳು ಯುವಕರು 20 ನಿಮಿಷ ಹದವಾಗಿ ಸೈಕಲ್ ತುಳಿದರು. ಎಲ್ಲರ ಶುಗರ್ ಇಳಿಯುತ್ತಿತ್ತು. ಒಂದು ದಿನ ಅವರನ್ನು ಹಾಗೇ ವಿಶ್ರಾಂತಿಗೆ ಬಿಟ್ಟರು. ಇನ್ನೊಂದು ದಿನ, ಕೇಳಿದವರು ಬೆಚ್ಚುವಂತೆ, ದಣಿದ ಆ ಕಾಲುಗಳಿಂದಲೇ ಮೈಯಲ್ಲಿದ್ದ ಬಲವನ್ನೆಲ್ಲ ಹಾಕಿ 10 ಸೆಕೆಂಡು ತುಳಿಸಿದರು. ವಿಶ್ರಾಂತಿಯ ದಿನ ಶುಗರ್ ಎರಡು ಗಂಟೆಯ ಕಾಲ ಇಳಿಯುತ್ತಲೇ ಹೋಯಿತು. ಹತ್ತು ಸೆಕೆಂಡಿನ ದಿನ ಇಳಿದಲ್ಲೇ ನಿಂತಿತು. 2006ರಲ್ಲಿ ಈ ಫಲಿತಾಂಶ ಪ್ರಕಟವಾಯಿತು.

ಅಷ್ಟರಲ್ಲಿ ಒಳಗಿನ ಗುಟ್ಟೂ ಬಯಲಾಗಿತ್ತು. ಸ್ನಾಯುವಿನ ಜೀವಕೋಶದೊಳಗೆ ಗ್ಲಟ್-4 ಎಂಬ ಸಕ್ಕರೆ ಹೊರುವ ಪ್ರೋಟೀನುಗಳು ಅಡಗಿರುತ್ತವೆ. ಇನ್ಸುಲಿನ್ ಕರೆದರೂ ಅವು ಅಂಚಿಗೆ ಬರುತ್ತವೆ. ಸ್ನಾಯು ಕುಗ್ಗಿದರೂ ಬೇರೆ ಹಾದಿಯಲ್ಲಿ ಬರುತ್ತವೆ. ಎರಡೂ ಕೂಡಿದರೆ ಸಕ್ಕರೆ ಬೇಗ ಇಳಿಯುತ್ತದೆ. ದಣಿದ ಸ್ನಾಯು ಬರಿದಾದ ತನ್ನ ದಾಸ್ತಾನನ್ನು ತುಂಬಿಕೊಳ್ಳುವುದರಿಂದ ಈ ಇಳಿತ ರಾತ್ರಿಯವರೆಗೂ ಮುಂದುವರಿಯಬಹುದು. ಬಿರುಸಿನ ತುಳಿತ ಅಡ್ರಿನಲಿನ್ ಹರಿಸುತ್ತದೆ; ಅದು ಯಕೃತ್ತಿನಿಂದ ಸಕ್ಕರೆ ಬಿಡಿಸುತ್ತದೆ. ಆದರೆ ಆಗಲೇ ಲೋ ಶುಗರ್ ಆದವರಿಗೆ ಓಟ ಮದ್ದಲ್ಲ, ಸಕ್ಕರೆಯೇ ಮದ್ದು. ಇನ್ಸುಲಿನ್ ಸಾಲದಿದ್ದಾಗ ಮಾತ್ರ ಯಕೃತ್ತು ಕಡಿವಾಣವಿಲ್ಲದೆ ಸಕ್ಕರೆ ಸುರಿಯುತ್ತದೆ. ಆಗ ಶುಗರ್ ಏರಿ, ರಕ್ತದಲ್ಲಿ ಕೀಟೋನ್ ಎಂಬ ಆಮ್ಲ ಕಾಣಿಸಿಕೊಂಡರೆ ವ್ಯಾಯಾಮವನ್ನೇ ಬಿಡಬೇಕು.

ಇನ್ಸುಲಿನ್ನಿನ ಬಲದಿಂದ ಲಾರೆನ್ಸ್ ಇನ್ನೂ 45 ವರ್ಷ ಬದುಕಿ, 1968ರಲ್ಲಿ ತೀರಿಕೊಂಡ. ಇಂದು ಶಿವಮೊಗ್ಗದಲ್ಲಿ ಇನ್ಸುಲಿನ್ ತೆಗೆದುಕೊಳ್ಳುವವರು ನಸುಕಿನ ವಾಕಿಂಗ್‌ಗೆ ಹೊರಡುವ ಮುನ್ನ ಬೆರಳ ತುದಿ ಚುಚ್ಚಿ ಶುಗರ್ ನೋಡಿಕೊಳ್ಳುತ್ತಾರೆ. ಜೇಬಿನಲ್ಲೊಂದು ಪುಟ್ಟ ಪೊಟ್ಟಣ ಇಟ್ಟುಕೊಳ್ಳುತ್ತಾರೆ. ಕೈ ನಡುಗಿದರೆ ಅದರಲ್ಲಿನ ಮೂರು ಚಮಚ ಸಕ್ಕರೆ ಬಾಯಿಗೆ ಹಾಕಿಕೊಂಡು, ಕೂತು, 15 ನಿಮಿಷ ಬಿಟ್ಟು ಮತ್ತೆ ನೋಡುತ್ತಾರೆ. ನಡಿಗೆಯೂ ಮದ್ದೇ, ಅದಕ್ಕೂ ಅಳತೆಯಿದೆ ಎಂದು ಒಬ್ಬ ರೋಗಿ ಹಟ ಹಿಡಿದು ಕಂಡುಕೊಂಡ ಸತ್ಯ ಆ ಪೊಟ್ಟಣದಲ್ಲಿದೆ.